ನಲವತ್ತೆಂಟು ತಿಂಗಳ ಪತ್ರ

ಕಳೆದ ಮಾರ್ಚ್‌ನ ಒಂದು ರಾತ್ರಿ, ಹನ್ನೊಂದು ಗಂಟೆ ದಾಟಿತ್ತು. ಮುಂಬೈ ಏರ್‌ಪೋರ್ಟಿನ ಎರಡನೇ ಟರ್ಮಿನಲ್ ಹೊರಗೆ ನಿಂತಿದ್ದೆ. ತಂಗಿಯನ್ನು ಒಳಗೆ ಕಳಿಸಿ ಅರ್ಧ ಗಂಟೆಯಾಗಿತ್ತು. ಇನ್ನೇನು ಪುಣೆಗೆ ಹೊರಡೋಣ ಅಂತ ಕ್ಯಾಬ್ ಡ್ರೈವರ್‌ಗೆ ಫೋನ್ ಮಾಡುವಷ್ಟರಲ್ಲಿ ಅವಳದೇ ಕಾಲ್ ಬಂತು.

"ಅಣ್ಣಾ, ಇವ್ರು ಬೋರ್ಡಿಂಗ್ ಪಾಸ್ ಕೊಡವಲ್ರು. ಕಾರ್ಡ್ ಮುಗದೈತಿ ಅಂತಾರ."

"ಪತ್ರ ತೋರಿಸಿದಿ ಇಲ್ಲೋ?"

"ತೋರಿಸ್ದೆ. ಇದು ಬರೇ ಕಾಗದ, ಕಾರ್ಡ್ ಎಲ್ಲೈತಿ ಅಂತ ಕೇಳಾಕತ್ತಾರ."

ಅವಳ ಕೈಯಲ್ಲಿದ್ದ ಗ್ರೀನ್ ಕಾರ್ಡಿನ ಮೇಲೆ ಅಚ್ಚಾಗಿದ್ದ ಕೊನೆಯ ದಿನಾಂಕ 2023ರ ನವೆಂಬರ್ 22. ಅಂದರೆ ಅದು ಮುಗಿದು ಹದಿನಾರು ತಿಂಗಳಾಗಿತ್ತು. ಕೌಂಟರಿನಲ್ಲಿದ್ದ ಹುಡುಗನ ತಪ್ಪು ಅಂತ ಪೂರ್ತಿ ಹೇಳಲಾರೆ. ಎದುರಿಗಿರುವ ಪ್ರಯಾಣಿಕರು ಅವಧಿ ಮುಗಿದ ಕಾರ್ಡು, ಅದರ ಜೊತೆ ಮಡಿಚಿ ಮಡಿಚಿ ಗೆರೆ ಬಿದ್ದ ಒಂದು ಹಾಳೆ ಕೊಟ್ಟರೆ ಯಾರಿಗಾದರೂ ಅನುಮಾನ ಬರುತ್ತದೆ. ಸರಿಯಾದ ದಾಖಲೆ ಇಲ್ಲದವರನ್ನು ಹತ್ತಿಸಿಕೊಂಡು ಹೋದರೆ ಅಮೆರಿಕ ವಿಮಾನ ಕಂಪನಿಗೇ ದಂಡ ಹಾಕುತ್ತದೆ. ಆದರೆ ಆ ಹಾಳೆ ಬರೇ ಕಾಗದ ಆಗಿರಲಿಲ್ಲ. ಕಾರ್ಡಿನ ಮೇಲಿನ ದಿನಾಂಕದಿಂದ ಮುಂದಕ್ಕೆ 48 ತಿಂಗಳು ಇವಳ ಸ್ಥಾನಮಾನ ವಿಸ್ತರಣೆಯಾಗಿದೆ, ಕೆಲಸ ಮಾಡಬಹುದು, ಪ್ರಯಾಣ ಮಾಡಬಹುದು ಅಂತ ಅಮೆರಿಕದ ವಲಸೆ ಇಲಾಖೆಯೇ ಬರೆದುಕೊಟ್ಟ ಪತ್ರ ಅದು.

ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ಈ ಪತ್ರ ಯಾಕೆ ಬೇಕಾಯಿತು ಅನ್ನುವುದನ್ನು ಹೇಳಬೇಕು. ನಮ್ಮ ಓದುಗರಲ್ಲಿ ಅನೇಕರ ಮನೆಯಲ್ಲಿ ಅಮೆರಿಕಕ್ಕೆ ಮದುವೆಯಾಗಿ ಹೋದ ಮಗಳೋ, ತಂಗಿಯೋ, ಸೊಸೆಯೋ ಇದ್ದಾರೆ. "ಗ್ರೀನ್ ಕಾರ್ಡ್ ಆತಲ್ಲ, ಇನ್ನೇನು" ಅಂತ ನಾವೆಲ್ಲ ನಿಶ್ಚಿಂತರಾಗುತ್ತೇವೆ. ನಾನೂ ಹಾಗೇ ಆಗಿದ್ದೆ.

ಗ್ರೀನ್ ಕಾರ್ಡ್ ಕ್ಯೂ ಅಂದಕೂಡಲೇ ಐಟಿ ಮಂದಿಗೆ ನೆನಪಾಗುವುದು ಎಚ್-1ಬಿ ಮೇಲೆ ಹೋದವರ ಕಥೆ, ದಶಕಗಟ್ಟಲೆ ಅಲುಗಾಡದ ಭಾರತದ ಸಾಲು. ಇದು ಅದಲ್ಲ. ಅಮೆರಿಕದ ಪೌರರನ್ನು ಮದುವೆಯಾದವರಿಗೆ ವರ್ಷಕ್ಕೆ ಇಷ್ಟೇ ಎಂಬ ಮಿತಿ ಇಲ್ಲ, ಕಾರ್ಡು ಬೇಗ ಬರುತ್ತದೆ. ಆದರೆ ಕಾಯಂ ವಾಸದ ಹಕ್ಕು ಸಿಗುವ ದಿನ ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಕಾರ್ಡು, ಷರತ್ತಿನ ಮೇಲೆ. ಆ ಎರಡು ವರ್ಷ ಮುಗಿಯುವ ಮೊದಲಿನ 90 ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸಹಿ ಮಾಡಿ ಐ-751 ಎಂಬ ಅರ್ಜಿ ಹಾಕಬೇಕು. ನಮ್ಮದು ನಿಜವಾದ ಮದುವೆ, ಕಾರ್ಡಿಗಾಗಿ ಮಾಡಿಕೊಂಡದ್ದಲ್ಲ ಅಂತ ಸಾಕ್ಷಿ ಕೊಡಬೇಕು. ಅದನ್ನು ಒಪ್ಪಿದ ಮೇಲೆ ಷರತ್ತು ತೆಗೆದು ಹತ್ತು ವರ್ಷದ ಕಾರ್ಡು ಕೊಡುತ್ತಾರೆ. ಅರ್ಜಿಯನ್ನೇ ಹಾಕದಿದ್ದರೆ ಎರಡು ವರ್ಷ ತುಂಬಿದ ದಿನ ಸ್ಥಾನಮಾನ ತಾನಾಗಿ ಹೋಗುತ್ತದೆ. 1986ರಲ್ಲಿ, ರೇಗನ್ ಕಾಲದಲ್ಲಿ, ಸುಳ್ಳು ಮದುವೆಗಳನ್ನು ತಡೆಯಲು ತಂದ ಕಾನೂನು ಇದು.

ನನ್ನ ತಂಗಿಯ ಮದುವೆ 2019ರ ಡಿಸೆಂಬರ್ 12ರಂದು ಧಾರವಾಡದಲ್ಲಿ ಆಯಿತು. ಹುಡುಗ ಅಲ್ಲಿಯ ಪೌರ. ಅವನು ಮರಳಿ ಹೋಗಿ ಜನವರಿಯಲ್ಲಿ ಅರ್ಜಿ ಹಾಕಿದ, ಮಾರ್ಚ್‌ನಲ್ಲಿ ಕೋವಿಡ್ ಬಂತು, ಕಾನ್ಸುಲೇಟುಗಳು ಬಾಗಿಲು ಹಾಕಿದವು. ಮದುವೆಯಾದ ಹುಡುಗಿ ಒಂದೂಮುಕ್ಕಾಲು ವರ್ಷ ತವರಿನಲ್ಲೇ ಕೂತಳು. ಓಣಿಯವರು ಏನೇನು ಕೇಳಿರಬಹುದು ಅಂತ ನೀವೇ ಊಹಿಸಿಕೊಳ್ಳಿ. ಕೊನೆಗೆ 2021ರ ಅಕ್ಟೋಬರ್‌ನಲ್ಲಿ ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ಇಂಟರ್‌ವ್ಯೂ ಆಯಿತು, ವೀಸಾ ಬಂತು. ಇನ್ನು ಒಂದು ದಿನವೂ ತಡ ಮಾಡಬಾರದು ಅಂತ ಅಪ್ಪ ಹಟ ಹಿಡಿದರು. ಸಿಕ್ಕ ಟಿಕೆಟ್ ನಾನೇ ಬುಕ್ ಮಾಡಿದೆ. ನವೆಂಬರ್ 22ರಂದು ಅವಳು ಅಲ್ಲಿ ಇಳಿದಳು.

ಎರಡು ವರ್ಷ ತುಂಬಲು ಇನ್ನು ಇಪ್ಪತ್ತು ದಿನ ಬಾಕಿ ಇತ್ತು.

ಲೆಕ್ಕ ಹಾಕುವುದು ವೀಸಾ ಕೊಟ್ಟ ದಿನದಿಂದಲ್ಲ, ಆ ನೆಲದಲ್ಲಿ ಇಳಿದು ಇಮಿಗ್ರೇಷನ್ ದಾಟಿದ ದಿನದಿಂದ. ವೀಸಾದ ಅವಧಿ ತಿಂಗಳುಗಟ್ಟಲೆ ಇತ್ತು. ಡಿಸೆಂಬರ್ 12 ದಾಟಿ ಇಳಿದಿದ್ದರೆ ನೇರವಾಗಿ ಹತ್ತು ವರ್ಷದ ಕಾರ್ಡು ಸಿಗುತ್ತಿತ್ತು. ಷರತ್ತಿಲ್ಲ, ಐ-751 ಇಲ್ಲ, ಆ ರಾತ್ರಿಯ ಕೌಂಟರೂ ಇಲ್ಲ. ಇದನ್ನು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ವೀಸಾ ಕೈಗೆ ಬಂದು ಮದುವೆಗೆ ಎರಡು ವರ್ಷ ತುಂಬಲು ಕೆಲವೇ ವಾರ ಉಳಿದಿರುವ ಮನೆಗಳು ಈಗಲೂ ಇರಬಹುದು. ಅವರಿಗೆ ನಾನು ಹೇಳುವುದು ಇಷ್ಟೇ: ವೀಸಾದ ಕೊನೆಯ ದಿನಾಂಕ ನೋಡಿ, ಮದುವೆ ಸರ್ಟಿಫಿಕೇಟಿನ ದಿನಾಂಕ ನೋಡಿ, ಆಮೇಲೆ ಟಿಕೆಟ್ ಮಾಡಿಸಿ.

ತಂಗಿ, ಭಾವ 2023ರ ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದರು. ಆಗ ಶುಲ್ಕ ಬಯೊಮೆಟ್ರಿಕ್ ಸೇರಿ 680 ಡಾಲರ್ ಇತ್ತು, 2024ರ ಏಪ್ರಿಲ್‌ನಿಂದ 750 ಆಯಿತು. ಸಾಕ್ಷಿ ಒಟ್ಟು ಮಾಡುವುದರಲ್ಲಿ ಒಂದು ತಮಾಷೆ ಇದೆ. ಸಾವಿರ ಜನ ಉಂಡು ಹೋದ ಮದುವೆ, ನಾಲ್ಕು ಆಲ್ಬಂ, ಎರಡು ತಾಸಿನ ವಿಡಿಯೋ, ಇವೆಲ್ಲ ಇದ್ದರೂ ಅವರಿಗೆ ಅದರಿಂದ ಅಷ್ಟು ಉಪಯೋಗವಿಲ್ಲ. ಅವರು ನೋಡುವುದು ಮದುವೆಯ ನಂತರದ ಸಂಸಾರ. ಇಬ್ಬರ ಹೆಸರಿನಲ್ಲೂ ಮನೆ ಬಾಡಿಗೆ ಕರಾರು ಇದೆಯಾ, ಜಂಟಿ ಬ್ಯಾಂಕ್ ಖಾತೆಯಲ್ಲಿ ಇಬ್ಬರೂ ವ್ಯವಹಾರ ಮಾಡಿದ್ದಾರಾ, ಟ್ಯಾಕ್ಸ್ ರಿಟರ್ನ್ ಒಟ್ಟಿಗೆ ಹಾಕಿದ್ದಾರಾ, ವಿಮೆಯಲ್ಲಿ ನಾಮಿನಿ ಯಾರು, ಲೈಟ್ ಬಿಲ್ಲು ಯಾರ ಹೆಸರಿಗೆ ಬರುತ್ತದೆ. ನಮ್ಮ ಮನೆಗಳಲ್ಲಿ ಇವೆಲ್ಲ ಗಂಡಸಿನ ಹೆಸರಿನಲ್ಲೇ ಇರುತ್ತವೆ. ಮನೆ ನಡೆಸುವವಳ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ತಂಗಿಯ ಹೆಸರೂ ಮೊದಲ ವರ್ಷ ಎಲ್ಲೂ ಇರಲಿಲ್ಲ. ಭಾವ ಕೆಟ್ಟವನು ಅಂತಲ್ಲ, ಹೊಳೆದಿರಲಿಲ್ಲ ಅಷ್ಟೇ. ಒಂದು ರೀತಿಯಲ್ಲಿ ಐ-751 ಬಂದದ್ದರಿಂದ ಅವಳ ಹೆಸರು ಬ್ಯಾಂಕಿಗೆ, ಕರಾರಿಗೆ ಏರಿತು.

ಅರ್ಜಿ ಹೋದ ಕೆಲವು ವಾರಕ್ಕೆ ರಸೀತಿ ಬಂತು. ಆ ರಸೀತಿಯೇ ನಮ್ಮ ಪತ್ರ. ಆಮೇಲೆ ಏನೂ ಇಲ್ಲ. ವೆಬ್‌ಸೈಟಿನಲ್ಲಿ ರಸೀತಿ ನಂಬರ್ ಹಾಕಿದರೆ ಅದೇ ಒಂದು ಸಾಲು. ನಾನು ಇಲ್ಲಿ ಪುಣೆಯಲ್ಲಿ ಆಫೀಸಿನ ನಡುವೆ ವಾರಕ್ಕೊಮ್ಮೆ ಹಾಕಿ ನೋಡುತ್ತಿದ್ದೆ. ತಂಗಿ ದಿನಕ್ಕೊಮ್ಮೆ.

ಈ ಪತ್ರದ ಅವಧಿ ಬೆಳೆದ ಕಥೆ ನೋಡಿದರೆ ಸಾಕು, ಕಾಯುವಿಕೆ ಎಷ್ಟಾಗಿದೆ ಅಂತ ಬೇರೆ ಅಂಕಿಅಂಶ ಬೇಡ. ಮೊದಲು ವಿಸ್ತರಣೆ ಒಂದು ವರ್ಷ ಇತ್ತು. ಅಷ್ಟರಲ್ಲಿ ಫೈಲು ಮುಗಿಯುತ್ತದೆ ಅನ್ನುವ ಅಂದಾಜು. 2018ರ ಜೂನ್‌ನಲ್ಲಿ 18 ತಿಂಗಳು ಮಾಡಿದರು. 2021ರ ಸೆಪ್ಟೆಂಬರ್‌ನಲ್ಲಿ 24. 2023ರ ಜನವರಿಯಲ್ಲಿ ಒಮ್ಮೆಲೇ 48. ನನ್ನ ವೃತ್ತಿಯವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಪ್ರೊಡಕ್ಷನ್‌ನಲ್ಲಿ ಒಂದು ಜಾಬ್ ನಿಧಾನವಾಗಿ ಓಡುತ್ತಿದೆ, ಟೈಮ್‌ಔಟ್ ಆಗಿ ಬೀಳುತ್ತಿದೆ, ಎಲ್ಲರೂ ಬೈಯುತ್ತಿದ್ದಾರೆ. ಆಗ ಜಾಬನ್ನು ಸರಿ ಮಾಡಲು ಪುರುಸೊತ್ತಿಲ್ಲದವರು ಟೈಮ್‌ಔಟನ್ನೇ ಏರಿಸುತ್ತಾರೆ. ಅಲರ್ಟ್ ನಿಲ್ಲುತ್ತದೆ. ನಾನೂ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೂ ಈ 48 ತಿಂಗಳು ದೊಡ್ಡ ಉಪಕಾರವೇ. ಹಿಂದೆ ಪತ್ರದ ಅವಧಿಯೂ ಮುಗಿದು, ಮತ್ತೆ ಫೋನಿನಲ್ಲಿ ಗಂಟೆಗಟ್ಟಲೆ ಕಾದು ಅಪಾಯಿಂಟ್‌ಮೆಂಟ್ ಹಿಡಿದು ಪಾಸ್‌ಪೋರ್ಟಿನಲ್ಲಿ ಸ್ಟಾಂಪ್ ಹಾಕಿಸಿಕೊಳ್ಳಬೇಕಿತ್ತು.

ನಿಧಾನಕ್ಕೆ ಕಾರಣ ಒಂದೇ ಅಲ್ಲ. ಪ್ರತಿಯೊಂದು ಫೈಲನ್ನೂ ಒಬ್ಬ ಅಧಿಕಾರಿ ಕೂತು ಓದಬೇಕು. 2018ರ ಕೊನೆಗೆ ಇಂಟರ್‌ವ್ಯೂ ವಿನಾಯಿತಿಯನ್ನು ಬಿಗಿ ಮಾಡಿದರು, 2022ರಲ್ಲಿ ಸಡಿಲಿಸಿದರು. ಮಧ್ಯದಲ್ಲಿ ಕೋವಿಡ್. ಇಲಾಖೆ ನಡೆಯುವುದೇ ಬಹುಪಾಲು ಅರ್ಜಿ ಶುಲ್ಕದ ದುಡ್ಡಿನಲ್ಲಿ, ಆದ್ದರಿಂದ 2020ರಲ್ಲಿ ಅರ್ಜಿ ಕಡಿಮೆಯಾದಾಗ ಹೊಸ ನೇಮಕಾತಿಯನ್ನೂ ನಿಲ್ಲಿಸಿದ್ದರು.

ಗಂಡ ಹೆಂಡತಿ ಚೆನ್ನಾಗಿದ್ದರೆ ಈ ಕಾಯುವಿಕೆ ಒಂದು ಕಿರಿಕಿರಿ, ಅಷ್ಟೇ. ಚೆನ್ನಾಗಿಲ್ಲದ ಮನೆಯಲ್ಲಿ ಅದು ಬೇರೆಯೇ ಆಗುತ್ತದೆ. ನನ್ನ ಹಳೆಯ ಸಹೋದ್ಯೋಗಿಯೊಬ್ಬರದು ಸೊಲ್ಲಾಪುರದ ಕನ್ನಡ ಮನೆ. ಅವರ ಅಕ್ಕ ನ್ಯೂಜೆರ್ಸಿಯಲ್ಲಿದ್ದರು. ಗಂಡ ಮಾತುಮಾತಿಗೆ "ನಾನು ಸಹಿ ಹಾಕೋದಿಲ್ಲ, ನಿನ್ನ ಕಾರ್ಡ್ ಹೋಗತ್ತೆ, ಊರಿಗೆ ಹೋಗಿ ಏನಂತ ಹೇಳ್ತೀ" ಅನ್ನುತ್ತಿದ್ದ. ಕೈಯೂ ಎತ್ತುತ್ತಿದ್ದ. ಇವರು ಅದನ್ನು ನಂಬಿಕೊಂಡು ಎಂಟು ತಿಂಗಳು ಆ ಮನೆಯಲ್ಲೇ ಇದ್ದರು. ಇಲ್ಲಿ ತಂದೆ ತಾಯಿಯೂ ಅದನ್ನೇ ನಂಬಿ "ಕಾರ್ಡ್ ಬರೋತನಕ ತಡ್ಕೋ" ಅಂದರು.

ಅದು ಸುಳ್ಳು. ಗಂಡನ ಸಹಿ ಇಲ್ಲದೆಯೂ ಐ-751 ಹಾಕಬಹುದು. ಮದುವೆ ಪ್ರಾಮಾಣಿಕವಾಗಿ ಆಗಿ ಆಮೇಲೆ ವಿಚ್ಛೇದನವಾಗಿದ್ದರೆ ಹಾಕಬಹುದು. ಗಂಡ ಹೊಡೆಯುತ್ತಿದ್ದರೆ, ಕ್ರೂರವಾಗಿ ನಡೆಸಿಕೊಂಡಿದ್ದರೆ ವಿಚ್ಛೇದನವಾಗದಿದ್ದರೂ ಒಬ್ಬರೇ ಹಾಕಬಹುದು. ಈ ದಾರಿ 1990ರಲ್ಲೇ ಕಾನೂನಿಗೆ ಸೇರಿತು. ಗಂಡ ತೀರಿಕೊಂಡಿದ್ದರೆ, ವಾಪಸು ಕಳಿಸಿದರೆ ತೀರಾ ಕಷ್ಟವಾಗುತ್ತದೆ ಅನ್ನುವಂತಿದ್ದರೆ ಅದಕ್ಕೂ ಅವಕಾಶವಿದೆ. ಇಂಥ ಅರ್ಜಿಗೆ ಆ 90 ದಿನದ ಕಟ್ಟುಪಾಡೂ ಇಲ್ಲ. ಅಕ್ಕನಿಗೆ ಇದು ಗೊತ್ತಾದದ್ದು ಒಬ್ಬ ವಕೀಲೆಯ ಹತ್ತಿರ ಹೋದಾಗ. ಅರ್ಜಿ ಹಾಕಿದರು, ಬೇರೆ ಮನೆ ಮಾಡಿದರು, ಅವರಿಗೂ ಅದೇ ರಸೀತಿ, ಅದೇ ವಿಸ್ತರಣೆ ಬಂತು. ಮಗಳನ್ನು ಅಮೆರಿಕಕ್ಕೆ ಕೊಡುವಾಗ ಹುಡುಗನ ಸಂಬಳ, ಮನೆ, ಗೋತ್ರ ಎಲ್ಲ ವಿಚಾರಿಸುತ್ತೇವೆ. ಈ ನಾಲ್ಕು ಸಾಲು ಮಗಳಿಗೆ ಹೇಳಿ ಕಳಿಸುವುದಿಲ್ಲ.

ಮತ್ತೆ ಏರ್‌ಪೋರ್ಟಿಗೆ. ತಂಗಿ ಬಂದದ್ದು ಅಪ್ಪನಿಗೆ ಲಕ್ವ ಹೊಡೆದಾಗ, ಫೆಬ್ರವರಿಯಲ್ಲಿ. ಹೊರಡುವ ಮೊದಲು ಅವಳು ಎರಡು ದಿನ ಒದ್ದಾಡಿದ್ದಾಳೆ. ಹೋದರೆ ವಾಪಸು ಬಿಡುತ್ತಾರಾ, ಕಾರ್ಡು ಮುಗಿದಿದೆಯಲ್ಲ ಅಂತ. ಅಪ್ಪ ಐಸಿಯುನಲ್ಲಿ, ಇವಳು ಅಲ್ಲಿ ಕೂತು ಕಾಗದದ ಸಾಲು ಸಾಲು ಓದುತ್ತಿದ್ದಾಳೆ. ಆ ಎರಡು ದಿನದ ಬಗ್ಗೆ ಅವಳು ಈಗಲೂ ಮಾತಾಡುವುದಿಲ್ಲ. ಅವಳು ಬಂದು ಮುಟ್ಟಿದಾಗ ಅಪ್ಪನಿಗೆ ಮಾತು ಹೋಗಿತ್ತು. ಐದು ವಾರ ಇದ್ದಳು.

ಕೌಂಟರಿನ ಹುಡುಗನ ಗೊಂದಲ ಏನು ಅಂತ ಫೋನಿನಲ್ಲೇ ತಿಳಿಯಿತು. ಪತ್ರದ ಮೇಲಿನ ತಾರೀಖು 2023ರ ಸೆಪ್ಟೆಂಬರ್. ಅವನು ಇದೇನು ಹಳೆಯ ಕಾಗದ ಅಂತ ಪಕ್ಕಕ್ಕಿಟ್ಟಿದ್ದ. 48 ತಿಂಗಳನ್ನು ಎಣಿಸಬೇಕಾದದ್ದು ಕಾರ್ಡಿನ ಕೊನೆಯ ದಿನಾಂಕದಿಂದ, ಅಂದರೆ 2027ರ ನವೆಂಬರ್ 22ರವರೆಗೆ ಊರ್ಜಿತ. ಅಮೆರಿಕದ ಗಡಿ ಇಲಾಖೆ ವಿಮಾನ ಕಂಪನಿಗಳಿಗೆಂದೇ ಒಂದು ಮಾರ್ಗದರ್ಶಿ ಪ್ರಕಟಿಸುತ್ತದೆ, ಮುಗಿದ ಎರಡು ವರ್ಷದ ಕಾರ್ಡಿನ ಜೊತೆ ಈ ಪತ್ರ ಇದ್ದರೆ ಹತ್ತಿಸಿಕೊಳ್ಳಬಹುದು ಅಂತ ಅದರಲ್ಲಿದೆ. ಆ ಪುಟವನ್ನು ಹುಡುಕಿ ತಂಗಿಗೆ ವಾಟ್ಸಾಪ್ ಮಾಡಿದೆ. "ಸಿಟ್ಟಿಗೇಳಬ್ಯಾಡ, ಸೂಪರ್‌ವೈಸರನ ಕರೀರಿ ಅನ್ನು" ಅಂದೆ. ಸೂಪರ್‌ವೈಸರ್ ಮೇಡಂ ಬಂದರು, ಓದಿದರು, ಎಲ್ಲಿಗೋ ಫೋನ್ ಮಾಡಿದರು. ಐವತ್ತು ನಿಮಿಷ. ಗಾಜಿನ ಈಚೆ ನಾನು ಒಂದರ ಮೇಲೊಂದು ಕಟಿಂಗ್ ಚಹಾ ಕುಡಿದೆ. ಚೆಕ್-ಇನ್ ಮುಗಿಯಲು ಹತ್ತು ನಿಮಿಷ ಇದ್ದಾಗ ಬೋರ್ಡಿಂಗ್ ಪಾಸಿನ ಫೋಟೋ ಬಂತು. ಅಲ್ಲಿ ಇಳಿದಾಗ ಇಮಿಗ್ರೇಷನ್ ಅಧಿಕಾರಿ ಪತ್ರವನ್ನು ಒಮ್ಮೆ ನೋಡಿ ಒಂದು ನಿಮಿಷದಲ್ಲಿ ಬಿಟ್ಟನಂತೆ.

ಆ ಪತ್ರ ಇಲ್ಲಿರುವಾಗ ಕಳೆದುಹೋದರೆ ಕಷ್ಟ. ಶುಲ್ಕ ಕಟ್ಟಿ, ಕಾನ್ಸುಲೇಟಿನಲ್ಲಿ ಅರ್ಜಿ ಹಾಕಿ, ವಿಮಾನ ಹತ್ತಲು ಬೇರೆ ದಾಖಲೆ ಪಡೆಯಬೇಕು. ಝೆರಾಕ್ಸ್ ತೋರಿಸಿದರೆ ಆಗದು. ಮೂಲ ಪತ್ರವನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕುವವರನ್ನು ನಾನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಇದನ್ನು ಬರೆಯುವಾಗ ಅವಳು ಅರ್ಜಿ ಹಾಕಿ ಎರಡು ವರ್ಷ ದಾಟಿದೆ. ಫೈಲು ಅಲ್ಲೇ ಇದೆ. ಪೌರರ ಜೊತೆ ಸಂಸಾರ ಮಾಡಿಕೊಂಡು ಮೂರು ವರ್ಷ ಕಾಯಂ ವಾಸಿಯಾಗಿದ್ದವರು ಪೌರತ್ವಕ್ಕೇ ಅರ್ಜಿ ಹಾಕಬಹುದು, ಐ-751 ಬಾಕಿ ಇದ್ದರೂ ಅಡ್ಡಿಯಿಲ್ಲ. ಎಷ್ಟೋ ಸಲ ಎರಡನ್ನೂ ಒಂದೇ ಇಂಟರ್‌ವ್ಯೂನಲ್ಲಿ ಮುಗಿಸುತ್ತಾರೆ. ಭಾವ ಅದನ್ನೇ ಹೇಳುತ್ತಿದ್ದಾನೆ. ತಂಗಿಗೆ ಮನಸ್ಸಿಲ್ಲ, ಇಲ್ಲಿಯ ಪಾಸ್‌ಪೋರ್ಟ್ ಬಿಟ್ಟುಕೊಡಬೇಕಲ್ಲ ಅಂತ. ಆಮೇಲೆ ಹೊಲದ್ದೊಂದು ಚಿಂತೆ ಇತ್ತು. ಒಸಿಐ ಕಾರ್ಡಿನವರು ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಪಡೆಯಬಹುದು ಅಂತ ವಿಚಾರಿಸಿ ಹೇಳಿದೆ.

ಅಪ್ಪನಿಗೆ ಈಗ ಮಾತು ಅರ್ಧಮರ್ಧ ಬರುತ್ತದೆ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಅವಳ ಮುಖ ಕಂಡಕೂಡಲೇ ಎಡಗೈ ಎತ್ತಿ ಬೆರಳಿನಿಂದ ಸಣ್ಣ ಚೌಕ ಬರೆದು ತೋರಿಸುತ್ತಾರೆ. ಕಾರ್ಡ್ ಬಂತಾ ಅಂತ. ಅವಳು "ಇಲ್ಲಪ್ಪಾ, ಇನ್ನೂ ಇಲ್ಲ. ದೀಪಾವಳಿಗೆ ಬರ್ತೀನಿ, ಪತ್ರ ಐತಲ್ಲ" ಅನ್ನುತ್ತಾಳೆ. ಟಿಕೆಟ್ ಈ ಸಲವೂ ಮುಂಬೈಗೇ ಆಗಿದೆ. ವಾಪಸಾಗುವ ರಾತ್ರಿ ನಾಲ್ಕು ತಾಸು ಮೊದಲೇ ಏರ್‌ಪೋರ್ಟಿಗೆ ಬಿಡುವುದು ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.