ಕೈಯೊಳಗಿನ ಕ್ಯಾಮರಾ: ಹೊಸಬರು ವಿಡಿಯೋ ಮಾಡುವ ಬಗೆ

ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಕೆಲವರು ಪತ್ರಿಕೆಗಿಂತ ಹೆಚ್ಚು ಹೊತ್ತು ಕೈಯಲ್ಲಿನ ಫೋನನ್ನೇ ನೋಡುತ್ತಾರೆ. ಅದನ್ನು ನಾವು ದೂರುವವರಲ್ಲ. ನಾವೂ ಒಂದು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಬೇಕು, ಜನ ಅದನ್ನು ಕೊನೆಯವರೆಗೆ ನೋಡಬೇಕಾದರೆ ಏನು ಮಾಡಬೇಕು ಎಂದು ಅವರಲ್ಲಿ ಹಲವರು ಕೇಳುತ್ತಾರೆ. ಕೇಳುವವರು ಹೋಟೆಲಿನಲ್ಲಿ ದುಡಿಯುವವರು, ಇಲ್ಲವೆ ಡೊಂಬಿವಲಿ, ಕಲ್ಯಾಣಗಳಿಂದ ದಿನವೂ ಲೋಕಲಿನಲ್ಲಿ ಓಡಾಡುವ ಗುಮಾಸ್ತರು. ಇವರಿಗೆ ಬಿಡುವೂ ಕಡಿಮೆ, ಹಣವೂ ಕಡಿಮೆ. ಸಾವಿರಾರು ರೂಪಾಯಿ ಶುಲ್ಕ ಪಡೆದು ಈ ವಿದ್ಯೆ ಕಲಿಸುವೆವೆಂಬ ಜಾಹೀರಾತುಗಳು ಇವರ ಫೋನಿಗೇ ಬರುತ್ತವೆ. ಆ ಹಣ ಕೊಡುವ ಮುನ್ನ ಇದನ್ನೊಮ್ಮೆ ಓದಬೇಕೆಂದು ವಿನಂತಿ.

ಯೂಟ್ಯೂಬಿನ ಮೊಟ್ಟಮೊದಲ ವಿಡಿಯೋ ಬಂದದ್ದು 2005ರ ಏಪ್ರಿಲ್ 23ರಂದು. ಅದರ ಸ್ಥಾಪಕರಲ್ಲೊಬ್ಬರಾದ ಜಾವೇದ್ ಕರೀಂ ಅಮೇರಿಕದ ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು, ಇವುಗಳ ಸೊಂಡಿಲು ಬಹಳ ಉದ್ದ ಎಂದು ಹೇಳಿದರು. ಇಪ್ಪತ್ತು ಸೆಕೆಂಡೂ ಇಲ್ಲದ ಚಿತ್ರ ಅದು! ಇನ್ನೂ ಹಿಂದಕ್ಕೆ ಹೋದರೆ ನಮ್ಮ ಮುಂಬಯಿಯಲ್ಲೇ ದಾದಾಸಾಹೇಬ ಫಾಳ್ಕೆಯವರಿದ್ದಾರೆ. 'ರಾಜಾ ಹರಿಶ್ಚಂದ್ರ' 1913ರಲ್ಲಿ ತೆರೆ ಕಾಣುವ ಮೊದಲು ಅವರು ಕುಂಡದಲ್ಲಿ ಬಟಾಣಿ ಬಿತ್ತಿ, ದಿನದಿನವೂ ಅದರ ಚಿತ್ರ ಹಿಡಿದು, ಗಿಡ ಕಣ್ಣೆದುರೇ ಬೆಳೆಯುವಂತೆ ತೋರಿಸಿದರು. ಆ ಚಿಕ್ಕ ಚಿತ್ರವನ್ನು ತೋರಿಸಿಯೇ ದೊಡ್ಡ ಚಿತ್ರಕ್ಕೆ ಸಾಲ ಹುಟ್ಟಿಸಿಕೊಂಡರು. ನಟರಿಲ್ಲ, ಅರಮನೆಯಿಲ್ಲ, ಆದರೂ ಮುಂದೇನಾಗುವುದೆಂಬ ಕುತೂಹಲ ಇತ್ತು.

ಆದುದರಿಂದ ಮೊದಲು ಒಂದು ಸಂಗತಿಯನ್ನು ಆರಿಸಿಕೊಳ್ಳಬೇಕು. ಅದು ನಿಮಗೆ ಚೆನ್ನಾಗಿ ಗೊತ್ತಿರಬೇಕು, ಬೇರೊಬ್ಬನಿಗೆ ಬೇಕಾಗಿರಬೇಕು. ಉಡುಪಿ ಕಡೆಯಿಂದ ಮತ್ಸ್ಯಗಂಧ ರೈಲಿನಲ್ಲಿ ಮೊದಲ ಸಲ ಬರುವ ಹುಡುಗನನ್ನು ನೆನೆಯಿರಿ. ವಾಶಿ, ನೆರೂಳಕ್ಕೆ ಹೋಗುವವನು ಪನವೇಲಿನಲ್ಲಿ ಇಳಿದು ಹಾರ್ಬರ್ ಲೋಕಲ್ ಹಿಡಿಯಬಹುದು. ಡೊಂಬಿವಲಿ, ಕಲ್ಯಾಣದ ಕಡೆಯವನು ಠಾಣೆಯಲ್ಲಿ ಇಳಿಯಬೇಕು. ಕಲ್ಯಾಣದಾಚೆಗೆ ಕಸಾರಾ ಹಾದಿ ಬೇರೆ, ಕರ್ಜತ್ ಹಾದಿ ಬೇರೆ. ಇಷ್ಟನ್ನು ಎರಡು ನಿಮಿಷದಲ್ಲಿ ಕನ್ನಡದಲ್ಲಿ ಹೇಳಿದರೆ ಅದೇ ಒಳ್ಳೆಯ ವಿಡಿಯೋ. ಕಾಸರಗೋಡು ಜಿಲ್ಲೆಯ ಸುದರ್ಶನ ಭಟ್ಟರು 'ಭಟ್ ಎನ್ ಭಟ್' ಎಂಬ ಹೆಸರಿನಲ್ಲಿ ತಮ್ಮ ಮನೆಯಂಗಳದ ಅಡಿಗೆಯನ್ನೇ ತೋರಿಸಿ ಜನಪ್ರಿಯರಾದರು. ಹಲಸಿನಕಾಯಿ ನಮ್ಮೆಲ್ಲರ ಊರಲ್ಲೂ ಇತ್ತಷ್ಟೆ!

ಇನ್ನು ಆರಂಭದ ಮಾತು. 'ನಮಸ್ಕಾರ, ನನ್ನ ಚಾನೆಲಿಗೆ ಸ್ವಾಗತ, ದಯವಿಟ್ಟು ಸಬ್‌ಸ್ಕ್ರೈಬ್ ಮಾಡಿ' ಎಂದು ಅರ್ಧ ನಿಮಿಷ ಕಳೆಯುವಷ್ಟರಲ್ಲಿ ನೋಡುವವನ ಬೆರಳು ಮುಂದಿನ ವಿಡಿಯೋಗೆ ಹೋಗಿರುತ್ತದೆ. 'ಠಾಣೆಯಲ್ಲಿ ನಿದ್ದೆ ಹೋದಿರೋ, ಟ್ರಂಕು ಹೊತ್ತು ಕುರ್ಲಾದಿಂದ ಹಿಂದಕ್ಕೆ ಬರಬೇಕಾದೀತು' ಎಂದು ಶುರು ಮಾಡಿ ನೋಡಿ. ಜನ ಯಾವ ಕ್ಷಣದಲ್ಲಿ ಬಿಟ್ಟು ಹೋದರೆಂಬುದನ್ನು ಯೂಟ್ಯೂಬ್ ಸ್ಟುಡಿಯೋ ಎಂಬ ಆ್ಯಪು ಗೆರೆಯೆಳೆದು ತೋರಿಸುತ್ತದೆ. ಗೆರೆ ಥಟ್ಟನೆ ಕುಸಿದ ಜಾಗದಲ್ಲಿ ನೀವೇನು ಹೇಳುತ್ತಿದ್ದಿರಿ ಎಂದು ತಿರುಗಿ ನೋಡಿದರೆ, ಯಾವ ಗುರುವೂ ಹೇಳದ ಪಾಠ ಸಿಗುತ್ತದೆ.

ಚಿತ್ರ ಕೊಂಚ ಮಂಕಾದರೆ ಜನ ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ ಸಹಿಸರು. ಫೋನು ಬಾಯಿಂದ ಒಂದು ಮೊಳಕ್ಕಿಂತ ದೂರವಿದ್ದರೆ ಫ್ಯಾನು, ಕುಕ್ಕರು, ಪಕ್ಕದ ಮನೆಯ ಟೀವಿ ಎಲ್ಲವೂ ನಿಮ್ಮೊಡನೆ ಮಾತಾಡುತ್ತವೆ. ತಂತಿಯ ಇಯರ್‌ಫೋನಿನ ಮೈಕು ಸಾಕು. ಬರಿಗೋಡೆಯ ಕೋಣೆ ಪ್ರತಿಧ್ವನಿಸುತ್ತದೆ. ಹತ್ತು ಜನರ ಬಟ್ಟೆ ಹಗ್ಗದ ಮೇಲೆ ನೇತಾಡುವ ನಮ್ಮ ಕೋಣೆಗಳು ಈ ಒಂದು ಕೆಲಸಕ್ಕೆ ಬಂಗಲೆಗಿಂತ ಮೇಲು. ಕಿಟಕಿಗೆ ಬೆನ್ನು ಹಾಕದೆ ಮುಖ ಮಾಡಿ ಕುಳಿತರೆ ದೀಪ ಕೊಳ್ಳಬೇಕಿಲ್ಲ. ಅಡಿಗೆಮನೆಯಲ್ಲಿ ಕೆಲಸ ಮಾಡುವವರು ಲೆನ್ಸಿನ ಎಣ್ಣೆಪಸೆಯನ್ನು ಹತ್ತಿಬಟ್ಟೆಯಿಂದ ಒರೆಸಿಕೊಳ್ಳಲಿ.

ಒಂದೇ ಕಡೆ ನಿಂತು ತೆಗೆಯಬೇಡಿ. ಕಾವಲಿ, ದೋಸೆ ಮಗುಚುವ ಕೈ, ತಿನ್ನುವವನ ಮುಖ, ಹೀಗೆ ಚಿಕ್ಕ ಚಿಕ್ಕ ತುಣುಕುಗಳನ್ನು ತೆಗೆದು ಜೋಡಿಸಬೇಕು. ರಷ್ಯದ ಲೆವ್ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೆ ಒಬ್ಬ ನಟನ ಅದೇ ಮುಖವನ್ನು ಸೂಪಿನ ತಟ್ಟೆಯ ಪಕ್ಕಕ್ಕೂ ಶವಪೆಟ್ಟಿಗೆಯ ಪಕ್ಕಕ್ಕೂ ಜೋಡಿಸಿ, ಒಂದು ಕಡೆ ಹಸಿವು, ಒಂದು ಕಡೆ ದುಃಖ ಕಾಣುವಂತೆ ಮಾಡಿದರಂತೆ. ಗಿರಾಕಿಯ ಮುಖವನ್ನು ದೋಸೆಯ ನಂತರ ಇಡುವುದಕ್ಕೂ ಬಿಲ್ಲಿನ ನಂತರ ಇಡುವುದಕ್ಕೂ ಇರುವ ಅಂತರ ಅದೇ! ಈ ಜೋಡಣೆಗೆ 'ಯೂಟ್ಯೂಬ್ ಕ್ರಿಯೇಟ್' ಎಂಬ ಪುಕ್ಕಟೆ ಆ್ಯಪು ಇದೆ. ಸಿನಿಮಾ ಹಾಡು ಸೇರಿಸಿದರೆ ಹಕ್ಕುದಾರರು ತಡೆಯಬಹುದು, ಇಲ್ಲವೆ ಜಾಹೀರಾತಿನ ಹಣ ಅವರ ಪಾಲಾಗಬಹುದು.

ಒಂದು ಮಾತನ್ನು ಒತ್ತಿ ಹೇಳಲೇಬೇಕು. ಲೋಕಲಿನ ಬಾಗಿಲಲ್ಲಿ ನೇತಾಡುತ್ತ ರೀಲ್ಸ್ ತೆಗೆಯುವ ಹುಚ್ಚು ನಮ್ಮ ಹುಡುಗರಿಗೂ ಹತ್ತಿದೆ. 2025ರ ಜೂನ್ 9ರಂದು ಮುಂಬ್ರಾ ಬಳಿ ಗಾಡಿಯಿಂದ ಬಿದ್ದು ಸತ್ತವರು ವಿಡಿಯೋ ತೆಗೆಯಲು ಹೋದವರಲ್ಲ. ಬಾಗಿಲವರೆಗೆ ಒತ್ತಿದ ಜನಸಂದಣಿಯಲ್ಲಿ ಸಿಕ್ಕಿದವರು. ನಿರುಪಾಯರಾದವರಿಗೇ ಹೀಗಾಗುವ ಜಾಗದಲ್ಲಿ ಬೇಕೆಂದೇ ನೇತಾಡುವುದೆ? 1989ರ ರೈಲ್ವೆ ಕಾಯಿದೆಯಂತೆ ಹಳಿ ದಾಟಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಆದರೆ ಊರಿನಲ್ಲಿ ಮನಿಯಾರ್ಡರಿನ ಕಾಲದಿಂದಲೂ ಮಗನ ದಾರಿ ಕಾಯುವ ಮನೆಗಳಿಗೆ ದಂಡ ದೊಡ್ಡದಲ್ಲ.

ಹಣದ ಲೆಕ್ಕ ಹೀಗಿದೆ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಅಥವಾ 90 ದಿನಗಳಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ ಆಗಬೇಕು. 4,000 ಗಂಟೆ ಎಂದರೆ 2,40,000 ನಿಮಿಷ. ಒಬ್ಬೊಬ್ಬರು ಮೂರು ನಿಮಿಷ ನೋಡಿದರೂ 80,000 ಸಲ ನೋಡಬೇಕು. ಹೀಗಿರುವಲ್ಲಿ ಈ ನಂಬಿಕೆಯಿಂದ ಕೆಲಸ ಬಿಡುವುದು ನಮಗೆ ಸರಿಕಾಣದು. ವಾರದ ರಜೆಯಲ್ಲಿ ಒಂದು ಮಾಡಿದರೆ ಸಾಕು.

ಹೋಟೆಲಿನಲ್ಲಾಗಲಿ ಕಚೇರಿಯಲ್ಲಾಗಲಿ ತೆಗೆಯುವ ಮುನ್ನ ಯಜಮಾನರನ್ನೂ, ಮುಖ ಕಾಣುವವರನ್ನೂ ಕೇಳಿರಿ. ತಲೆಬರಹವನ್ನು ಕನ್ನಡದಲ್ಲಿಯೇ ಬರೆದು ಊರಿನ ಹೆಸರು ಸೇರಿಸಿರಿ. 'ಠಾಣೆ' ಎಂದು ಹುಡುಕುವವನಿಗೆ ಅದು ಸಿಗಬೇಕು.