ಎರಡೂ ಚಕ್ರ ಒಟ್ಟಿಗೆ ತಿರುಗಬೇಕಾ? ಹಳೇ ಪಿಕಪ್‌ಗೆ ಡಿಫ್ ಲಾಕರ್ ಆರಿಸೋದು ಹೇಗೆ

ಕೆಸರಿನಲ್ಲಿ ಹೂತ ಗಾಡಿಯನ್ನ ನಾವೆಲ್ಲ ನೋಡಿರ್ತೀವಿ. ಹಿಂದಿನ ಒಂದು ಚಕ್ರ ಗಿರ್ರನೆ ತಿರುಗ್ತಾ ಕೆಸರು ಎರಚುತ್ತೆ. ಗಟ್ಟಿ ನೆಲದ ಮೇಲಿರೋ ಇನ್ನೊಂದು ಚಕ್ರ ಅಲ್ಲಾಡೋದೇ ಇಲ್ಲ. ಇಲ್ಲಿ ಕೊರತೆ ಇರೋದು ಎಂಜಿನ್‌ನಲ್ಲಲ್ಲ, ಡಿಫರೆನ್ಷಿಯಲ್ ಟಾರ್ಕ್ ಹಂಚೋ ರೀತಿಯಲ್ಲಿ. ಇದಕ್ಕೆ ಮದ್ದು ಲಾಕರ್. ಆದರೆ ಹಳೇ ಗಾಡಿಗೆ ಹೊಂದದ ಲಾಕರ್ ಹಾಕಿದರೆ ಕಾಡಿನ ನಡುವೆ ಆಕ್ಸಲ್ ಶಾಫ್ಟ್ ಮುರೀಬಹುದು, ಇಲ್ಲಾ ಮಳೆ ಬಿದ್ದ ಟಾರ್ ರಸ್ತೆಯಲ್ಲಿ ಗಾಡಿಯ ಹಿಂಭಾಗ ಜಾರಬಹುದು.

ಆಯ್ಕೆ ಮಾಡೋದು ಹೇಗೆ ಅಂತ ಒಂದು ನಿಜವಾದ ಗಾಡಿಯನ್ನೇ ಇಟ್ಟುಕೊಂಡು ನೋಡೋಣ. ಅಮೆರಿಕದಲ್ಲಿ 1979ರಿಂದ 1985ರವರೆಗೆ ಮಾರಾಟವಾದ ಟೊಯೊಟಾ ಫೋರ್ ವೀಲ್ ಡ್ರೈವ್ ಪಿಕಪ್ ಇದಕ್ಕೆ ಒಳ್ಳೆ ಉದಾಹರಣೆ. ಬೇರೆ ಎಷ್ಟೋ ದೇಶಗಳಲ್ಲಿ ಇದೇ ಹೈಲಕ್ಸ್.

ಡಿಫ್ ಯಾಕೆ ಬೇಕು, ಯಾವಾಗ ಕೈಕೊಡುತ್ತೆ

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಹೋಗಬೇಕು. ಎರಡು ಚಕ್ರಗಳ ನಡುವೆ 1.4 ಮೀಟರ್ ಅಂತರ ಅಂತಿಟ್ಟುಕೊಂಡರೆ, ಒಂದು ಪೂರ್ತಿ ಸುತ್ತಿಗೆ ವ್ಯತ್ಯಾಸ 2 × ಪೈ × 1.4, ಅಂದರೆ ಸುಮಾರು 8.8 ಮೀಟರ್. ಸುತ್ತು ಚಿಕ್ಕದಿರಲಿ ದೊಡ್ಡದಿರಲಿ, ಉತ್ತರ ಇದೇ. ಡಿಫ್ ಇಲ್ಲದಿದ್ದರೆ ಇಷ್ಟನ್ನೂ ಟೈರ್ ಉಜ್ಜಿಕೊಂಡೇ ತೀರಿಸಬೇಕು.

ಮಾಮೂಲಿ ಓಪನ್ ಡಿಫ್ ಎರಡು ಚಕ್ರಗಳ ವೇಗ ಬೇರೆಬೇರೆ ಆಗೋಕೆ ಬಿಡುತ್ತೆ, ಆದರೆ ಟಾರ್ಕ್ ಅನ್ನ ಸಮಪಾಲು ಮಾಡುತ್ತೆ. ತೊಂದರೆ ಇರೋದು ಇಲ್ಲೇ. ಕೆಸರಲ್ಲಿರೋ ಚಕ್ರ ಜಾರೋ ಮುಂಚೆ 150 ನ್ಯೂಟನ್ ಮೀಟರ್ ಮಾತ್ರ ತಡೆಯುತ್ತೆ ಅಂದುಕೊಳ್ಳಿ. ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ ಸಿಗೋದು. ಒಟ್ಟು 300. ಗಾಡಿ ಮೇಲೆ ಬರೋಕೆ 800 ಬೇಕಿದ್ದರೆ, ಎಷ್ಟು ಆಕ್ಸಿಲರೇಟರ್ ಒತ್ತಿದರೂ ಅದು ಅಲ್ಲೇ.

ಲಾಕ್ ಮಾಡಿದರೆ ಎರಡು ಶಾಫ್ಟ್‌ಗಳೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆಗ ಕೆಸರಿನ ಕಡೆ 150, ಗಟ್ಟಿ ನೆಲದ ಕಡೆ 650. ಗಾಡಿ ಎದ್ದು ಬರುತ್ತೆ. ಆದರೆ ಇನ್ನೊಂದು ಮುಖವನ್ನೂ ನೋಡಿ: ಓಪನ್ ಡಿಫ್‌ನಲ್ಲಿ ಒಂದು ಶಾಫ್ಟ್‌ಗೆ ಒಟ್ಟು ಟಾರ್ಕ್‌ನ ಅರ್ಧಕ್ಕಿಂತ ಹೆಚ್ಚು ಹೊರೆ ಬೀಳೋದೇ ಇಲ್ಲ. ಲಾಕ್ ಆದಮೇಲೆ ಬಹುಪಾಲು ಒಂದೇ ಶಾಫ್ಟ್ ಹೊರಬೇಕು. ಒಂದು ಚಕ್ರ ಗಾಳಿಯಲ್ಲಿದ್ದರೆ, ಪೂರ್ತಿ. ನಲವತ್ತು ವರ್ಷ ದುಡಿದ ಶಾಫ್ಟ್‌ಗೆ ಇದು ಸಣ್ಣ ಪರೀಕ್ಷೆಯಲ್ಲ.

ಇರೋ ದಾರಿಗಳು

ಲಿಮಿಟೆಡ್ ಸ್ಲಿಪ್: ಇದು ಲಾಕರ್ ಅಲ್ಲ. ಟಾರ್ಸೆನ್‌ನಂಥ ಗೇರ್ ಮಾದರಿ, ಜಾರೋ ಚಕ್ರ ತಡೆಯೋ ಟಾರ್ಕ್‌ನ ಕೆಲವು ಪಟ್ಟನ್ನ ಇನ್ನೊಂದಕ್ಕೆ ಕೊಡುತ್ತೆ. ಮೂರು ಪಟ್ಟು ಅಂದರೆ ನಮ್ಮ ಲೆಕ್ಕದಲ್ಲಿ 150 ಮತ್ತು 450, ಒಟ್ಟು 600. ಇನ್ನೂ ಸಾಲದು. ಚಕ್ರ ಗಾಳಿಯಲ್ಲಿದ್ದರೆ ಸೊನ್ನೆಯ ಮೂರು ಪಟ್ಟು ಸೊನ್ನೆಯೇ. ಒಳಗಿನ ಪ್ರೀಲೋಡ್, ಇಲ್ಲಾ ಬ್ರೇಕ್ ಮೇಲೆ ಹಗುರವಾಗಿ ಕಾಲಿಡೋದು ಸ್ವಲ್ಪ ನೆರವಾಗುತ್ತೆ. ಜಾರು ರಸ್ತೆಗೆ ಒಳ್ಳೇದು, ಬಂಡೆಗಳಿಗಲ್ಲ.

ಆಟೊಮ್ಯಾಟಿಕ್ ಲಾಕರ್: ಸಾಮಾನ್ಯವಾಗಿ ಲಾಕ್ ಆಗೇ ಇರುತ್ತೆ, ತಿರುವಿನಲ್ಲಿ ಹೊರಗಿನ ಚಕ್ರ ಮುಂದೋಡೋಕೆ ಮಾತ್ರ ಬಿಟ್ಟುಕೊಡುತ್ತೆ. ಡೆಟ್ರಾಯಿಟ್ ಲಾಕರ್ ಇಡೀ ಕ್ಯಾರಿಯರ್ ಬದಲಿಗೆ ಬರುತ್ತೆ. ಲಂಚ್‌ಬಾಕ್ಸ್ ಲಾಕರ್ ಹಳೇ ಕ್ಯಾರಿಯರ್ ಒಳಗಿನ ಗೇರ್‌ಗಳ ಜಾಗದಲ್ಲಿ ಕೂರುತ್ತೆ, ಅದಕ್ಕೇ ಅಗ್ಗ. ಆದರೆ ಹೊರಗಿನ ಕ್ಯಾರಿಯರ್ ಹಳೇದೇ, ಅದರ ಬಲವೇ ಮಿತಿ. ತಿರುವಿನಲ್ಲಿ ಟಕಟಕ ಸದ್ದು, ಟೈರ್ ಸವೆತ, ಆಕ್ಸಿಲರೇಟರ್ ಬಿಟ್ಟಾಗ ಗಾಡಿ ಪಕ್ಕಕ್ಕೆ ಎಳೆಯೋದು, ಇವೆಲ್ಲ ಜೊತೆಗೆ ಬರುತ್ತೆ.

ಬೇಕಾದಾಗ ಹಾಕೋ ಲಾಕರ್: ಆಸ್ಟ್ರೇಲಿಯಾದ ಎಆರ್‌ಬಿ ಏರ್ ಲಾಕರ್ ಕಂಪ್ರೆಸರ್‌ನ ಗಾಳಿಯಿಂದ ಲಾಕ್ ಆಗುತ್ತೆ. ಟೊಯೊಟಾದ್ದೇ ಎಲೆಕ್ಟ್ರಿಕ್ ಲಾಕರ್‌ನಲ್ಲಿ ಆ ಕೆಲಸ ಸಣ್ಣ ಮೋಟರ್‌ದು. ಸ್ವಿಚ್ ಆಫ್ ಆಗಿದ್ದಾಗ ಮಾಮೂಲಿ ಓಪನ್ ಡಿಫ್. ಖರ್ಚು ಹೆಚ್ಚು, ಕೆಡೋ ಭಾಗಗಳೂ ಹೆಚ್ಚು: ಪೈಪು, ಸೀಲು, ವೈರಿಂಗ್.

ಸ್ಪೂಲ್ ಅಥವಾ ವೆಲ್ಡ್ ಮಾಡಿದ ಡಿಫ್: ಎಲ್ಲಕ್ಕಿಂತ ಅಗ್ಗ, ಬಿಚ್ಚಿಕೊಳ್ಳೋದೇ ಇಲ್ಲ. ರಸ್ತೆಗೆ ಇಳಿಯೋ ಗಾಡಿಗೆ ಬೇಡ.

ಹಾಗಾದರೆ ಈ ಹೈಲಕ್ಸ್‌ಗೆ ಯಾವುದು?

ಲಾಕರ್ ಬೆಲೆ ಕೇಳೋ ಮುಂಚೆ ಆಕ್ಸಲ್ ಬಿಚ್ಚಿ ನೋಡಬೇಕು ಅಂತ ನಮ್ಮ ಅಭಿಪ್ರಾಯ. ಗೇರ್ ಆಯಿಲ್‌ನಲ್ಲಿ ಲೋಹದ ಚೂರು ಇದೆಯಾ? ಶಾಫ್ಟ್‌ನ ಸ್ಪ್ಲೈನ್ ತಿರುಚಿಕೊಂಡಿದೆಯಾ? ಸೀಲ್ ಸೋರಿ ಬ್ರೇಕ್ ಡ್ರಮ್‌ಗೆ ಆಯಿಲ್ ಹೋಗ್ತಿದೆಯಾ? ಹಿಂದಿನ ಮಾಲೀಕರು ದೊಡ್ಡ ಟೈರ್ ಹಾಕಿದ್ದಾರಾ? ಟೈರ್‌ನ ತ್ರಿಜ್ಯ ಹೆಚ್ಚಿದಷ್ಟೂ ಅದೇ ಎಳೆತಕ್ಕೆ ಶಾಫ್ಟ್ ಮೇಲಿನ ಟಾರ್ಕ್ ಹೆಚ್ಚುತ್ತೆ. ಇವುಗಳಲ್ಲಿ ಒಂದು ಕೆಟ್ಟಿದ್ದರೂ ಮೊದಲ ಖರ್ಚು ಅಲ್ಲಿಗೆ.

ಈ ಗಾಡಿಯ ಒಂದು ಅನುಕೂಲ ಅಂದರೆ ಡಿಫ್‌ನ ಇಡೀ ಗೇರ್ ಜೋಡಣೆ ಒಂದೇ ಗಂಟಾಗಿ ಹೌಸಿಂಗ್‌ನಿಂದ ಹೊರಬರುತ್ತೆ. ಬ್ಯಾಕ್‌ಲ್ಯಾಶ್, ಬೇರಿಂಗ್ ಪ್ರೀಲೋಡ್ ಎಲ್ಲವನ್ನೂ ಮೇಜಿನ ಮೇಲಿಟ್ಟು ಸೆಟ್ ಮಾಡಬಹುದು. ದೊಡ್ಡ ಟೈರ್‌ಗಾಗಿ ರಿಂಗ್ ಮತ್ತು ಪಿನಿಯನ್ ಬದಲಾಯಿಸೋ ಯೋಚನೆ ಇದ್ದರೆ ಲಾಕರ್ ಅನ್ನೂ ಆಗಲೇ ಹಾಕೋದು ಲಾಭ, ಒಂದೇ ಕೂಲಿಯಲ್ಲಿ ಎರಡು ಕೆಲಸ.

ಮುಂದೆಯೋ ಹಿಂದೆಯೋ? ಏರು ಹತ್ತುವಾಗ ಭಾರ ಹಿಂದಕ್ಕೆ ಸರಿಯುತ್ತೆ, ಹಾಗಾಗಿ ಮೊದಲು ಹಿಂದೆ. ಮುಂದೆ ಲಾಕ್ ಮಾಡಿದರೆ ಸ್ಟೀರಿಂಗ್ ಬಿಗಿಯಾಗುತ್ತೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಈ ಗಾಡಿಯ ಮುಂದಿನ ಆಕ್ಸಲ್‌ನ ಬರ್ಫೀಲ್ಡ್ ಜಾಯಿಂಟ್ ಒಡೆಯೋ ಅಪಾಯ ಇದೆ.

ಇನ್ನು ಬಳಕೆ. ವಾರವಿಡೀ ರಸ್ತೆಯಲ್ಲಿ, ವಾರಾಂತ್ಯಕ್ಕೆ ಬೆಟ್ಟದಲ್ಲಿ ಓಡೋ ಗಾಡಿಗೆ, ಅದರಲ್ಲೂ ಮಳೆ, ಹಿಮ ಇರೋ ಊರಲ್ಲಿ, ಹಿಂದೆ ಸ್ವಿಚ್ ಇರೋ ಲಾಕರ್ ಸರಿ. ಖಾಲಿ ಪಿಕಪ್‌ನ ಹಿಂಭಾಗ ಮೊದಲೇ ಹಗುರ. ಒದ್ದೆ ರಸ್ತೆಯಲ್ಲಿ ತಾನಾಗೇ ಲಾಕ್ ಆಗೋ ಆಕ್ಸಲ್ ಬೇಡ. ಹೆಚ್ಚಾಗಿ ಮಣ್ಣಲ್ಲೇ ಓಡೋ, ಕೈಯಲ್ಲಿ ಕಾಸು ಕಮ್ಮಿ ಇರೋ ಗಾಡಿಗೆ ಲಂಚ್‌ಬಾಕ್ಸ್ ಲಾಕರ್ ಸಾಕು, ಟೈರ್ ಅತಿ ದೊಡ್ಡದಾಗಿರದಿದ್ದರೆ.

ಇದೇ ಪ್ರಶ್ನೆಗೆ ಬಾಜಾ ಗಾಡಿ ಕಟ್ಟೋ ಹಲವು ತಂಡಗಳ ಉತ್ತರ ಬೇರೆ: ಅವರು ಡಿಫ್ ಅನ್ನೇ ಕೈಬಿಟ್ಟು ಎರಡೂ ಚಕ್ರ ಒಟ್ಟಿಗೆ ತಿರುಗಿಸ್ತಾರೆ. ಗಾಡಿ ಹಗುರ, ನೆಲ ಸಡಿಲ, ಜಾರೋ ಟೈರ್‌ಗೆ ಹೆಚ್ಚು ನಷ್ಟವಿಲ್ಲ. ಇನ್ನೊಂದು ಕಡೆ, 2022ರಿಂದ ಭಾರತದಲ್ಲಿ ಮಾರಾಟವಾಗ್ತಿರೋ ಹೊಸ ಹೈಲಕ್ಸ್‌ನ ಹಿಂದಿನ ಡಿಫ್‌ಗೆ ಸ್ವಿಚ್ ಒತ್ತಿ ಹಾಕೋ ಲಾಕ್ ಕಂಪನಿಯಿಂದಲೇ ಬರುತ್ತೆ. ಎರಡೂ ಸರಿಯಾದ ಉತ್ತರಗಳೇ, ಯಾಕಂದ್ರೆ ಎರಡು ಗಾಡಿಗಳೂ ಓಡೋ ನೆಲ ಬೇರೆ. ಹಾಗಾಗಿ ಯಾರಾದರೂ "ಯಾವ ಲಾಕರ್ ಬೆಸ್ಟು?" ಅಂತ ಕೇಳಿದರೆ, "ಗಾಡಿ ಎಲ್ಲಿ ಓಡುತ್ತೆ, ಆಕ್ಸಲ್ ಹೇಗಿದೆ?" ಅಂತ ತಿರುಗಿ ಕೇಳಿ.