ವೇಗದಿಂದ ಕುಗ್ಗುವ ವೃತ್ತ

ಉಕ್ಕಿನ ದಪ್ಪ ಹಲಗೆಯಲ್ಲಿ ಬೇರಿಂಗನ್ನು ಕೂರಿಸಲು 110 ಮಿ.ಮೀ. ವ್ಯಾಸದ ರಂಧ್ರವೊಂದನ್ನು ಕೊರೆಯಬೇಕಾಗಿದೆ ಎಂದಿಟ್ಟುಕೊಳ್ಳೋಣ. ಗಣಕಯಂತ್ರದ ಆಜ್ಞೆಯಂತೆ ನಡೆಯುವ ಮಿಲ್ಲಿಂಗ್ ಯಂತ್ರಕ್ಕೆ ಇದು ನಿತ್ಯದ ಕೆಲಸ. ಒಂದು ಮೋಟಾರು ಮೇಜನ್ನು ಎಡಬಲಕ್ಕೂ ಇನ್ನೊಂದು ಹಿಂದುಮುಂದಕ್ಕೂ ಸರಿಸುತ್ತದೆ. ಎರಡು ಚಲನೆಗಳೂ ಕೂಡಿದಾಗ 10 ಮಿ.ಮೀ. ವ್ಯಾಸದ ಕಟರಿನ ಕೇಂದ್ರವು 50 ಮಿ.ಮೀ. ತ್ರಿಜ್ಯದ ವೃತ್ತದಲ್ಲಿ ಸುತ್ತಿಬರುತ್ತದೆ. ಮೆಲ್ಲಗೆ ನಡೆಸಿದರೆ ರಂಧ್ರ ಸರಿಯಾದ ಅಳತೆಗೆ ಬರುತ್ತದೆ. ಅವೇ ಆಜ್ಞೆಗಳನ್ನು ಕೊಟ್ಟು ವೇಗವನ್ನು ಮಾತ್ರ ಹೆಚ್ಚಿಸಿದರೆ, ಸರಳ ನಿಯಂತ್ರಣವುಳ್ಳ ಯಂತ್ರದಲ್ಲಿ ರಂಧ್ರ ಕಿರಿದಾಗುತ್ತದೆ. ಬೇರಿಂಗು ಒಳಗೆ ಹೋಗದು. ಯಂತ್ರದ ಯಾವ ಭಾಗವೂ ಸವೆದಿಲ್ಲ, ಗಣಕವೂ ಲೆಕ್ಕ ತಪ್ಪಿಲ್ಲ. ಹಾಗಾದರೆ ವೃತ್ತ ಕುಗ್ಗಿದ್ದು ಹೇಗೆ?

ಇಂಥ ಯಂತ್ರಗಳು ಹುಟ್ಟಿದ್ದೇ ವಕ್ರರೇಖೆಗಳ ಕಾಟದಿಂದ. ಅಮೆರಿಕದ ಜಾನ್ ಪಾರ್ಸನ್ಸ್ ಎಂಬವರು 1940ರ ದಶಕದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದರು. ಅವುಗಳ ಬಾಗನ್ನು ಕೈಯಿಂದ ನಿಖರವಾಗಿ ಕೊರೆಯುವುದು ದುಸ್ಸಾಧ್ಯವಾಗಿತ್ತು. ಅವರ ಯೋಚನೆಯನ್ನು ಮುಂದುವರಿಸಿದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯು, ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ಆಜ್ಞೆ ಪಡೆಯುವ ಮಿಲ್ಲಿಂಗ್ ಯಂತ್ರವನ್ನು 1952ರಲ್ಲಿ ಪ್ರದರ್ಶಿಸಿತು.

ಈಗ ವೃತ್ತಕ್ಕೆ ಬರೋಣ. ಮೋಟಾರನ್ನು ಓಡಿಸುವುದು ಯಾವುದು? ಮೇಜು ಈ ಕ್ಷಣದಲ್ಲಿ ಇರಬೇಕಾದ ಸ್ಥಾನಕ್ಕೂ ಇರುವ ಸ್ಥಾನಕ್ಕೂ ನಡುವಣ ಅಂತರ. ಅಂತರ ಹೆಚ್ಚಿದಷ್ಟೂ ವೇಗ ಹೆಚ್ಚು. ಆದುದರಿಂದ ಚಲಿಸಬೇಕಾದರೆ ಹಿಂದೆ ಬೀಳಲೇಬೇಕು! ಒಂದು ಮಿ.ಮೀ. ಅಂತರಕ್ಕೆ ಸೆಕೆಂಡಿಗೆ 50 ಮಿ.ಮೀ. ವೇಗವೆಂದು ಇಟ್ಟುಕೊಂಡರೆ, ಸೆಕೆಂಡಿಗೆ 100 ಮಿ.ಮೀ. ವೇಗದಲ್ಲಿ ಕಟರು ಗುರಿಯಿಂದ 2 ಮಿ.ಮೀ. ಹಿಂದಿರುತ್ತದೆ. ಸರಳರೇಖೆಯಲ್ಲಿ ಇದರಿಂದ ಹಾನಿಯಿಲ್ಲ. ಎರಡು ಅಕ್ಷಗಳೂ ಸಮನಾಗಿ ತಡಮಾಡಿದರೆ ಕಟರು ಅದೇ ರೇಖೆಯ ಮೇಲೆ ತುಸು ನಿಧಾನವಾಗಿ ಬರುತ್ತದೆ, ಅಷ್ಟೆ.

ಬಾಗಿದ ದಾರಿಯ ಕಥೆ ಬೇರೆ. ಗಾಣದ ಎತ್ತು ಸುತ್ತುತ್ತಿರುವಾಗ ಕರುವೊಂದು ಸದಾ ಎತ್ತಿನತ್ತಲೇ ಮುಖಮಾಡಿ ಹಿಂಬಾಲಿಸಿದರೆ, ಅದು ಎತ್ತಿನ ಹೆಜ್ಜೆಗಳನ್ನು ತುಳಿಯದೆ ಒಳಗಿನ ಚಿಕ್ಕ ವೃತ್ತವೊಂದನ್ನು ಹಿಡಿಯುತ್ತದೆ. ಕಟರಿನ ಪಾಡೂ ಇದೇ. ಕಟರಿನಿಂದ ಗುರಿಗೆ ಎಳೆದ ರೇಖೆಯು ಒಳವೃತ್ತಕ್ಕೆ ಸ್ಪರ್ಶಕವಾಗಿರುವುದರಿಂದ ಲಂಬಕೋನ ತ್ರಿಭುಜವೊಂದು ದೊರೆಯುತ್ತದೆ: ಕರ್ಣ 50, ಒಂದು ಬಾಹು 2. ಪೈಥಾಗೊರಸನ ಪ್ರಮೇಯದಂತೆ ಇನ್ನೊಂದು ಬಾಹು, ಅಂದರೆ ಕಟರು ನಡೆದ ವೃತ್ತದ ತ್ರಿಜ್ಯ, 49.96 ಮಿ.ಮೀ. ರಂಧ್ರದ ವ್ಯಾಸ 0.08 ಮಿ.ಮೀ. ಕಡಿಮೆಯಾಯಿತು. ಇಂಥ ರಂಧ್ರಕ್ಕೆ ಸಾಮಾನ್ಯವಾಗಿ ವಿಧಿಸುವ ಮಿತಿ ಕೇವಲ 0.035 ಮಿ.ಮೀ. ವೇಗವನ್ನು ಇಮ್ಮಡಿಗೊಳಿಸಿ ಲೆಕ್ಕಮಾಡಿ ನೋಡಿ: ದೋಷ ನಾಲ್ಮಡಿಯಾಗುತ್ತದೆ.

ಎರಡು ಅಕ್ಷಗಳ ತಡ ಸಮನಾಗಿಲ್ಲದಿದ್ದರೆ ವೃತ್ತವು 45 ಡಿಗ್ರಿ ಓರೆಯಾದ ದೀರ್ಘವೃತ್ತವಾಗುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಲಿಸಾಜೂ ಆಕೃತಿಗಳನ್ನು ಕಂಡವರಿಗೆ ಇದರ ಗುಟ್ಟು ಒಡನೆಯೇ ಹೊಳೆಯುವುದು.

ಅಂತರಕ್ಕೆ ಮೋಟಾರು ಇನ್ನೂ ಚುರುಕಾಗಿ ಓಗೊಡುವಂತೆ ಮಾಡಬಾರದೇ? ಮಾಡಬಹುದು, ಆದರೆ ಮಿತಿ ಮೀರಿದರೆ ಯಂತ್ರವೇ ನಡುಗತೊಡಗುತ್ತದೆ. ಇದಕ್ಕಿಂತ ಜಾಣ ಉಪಾಯವೆಂದರೆ ಅಂತರಕ್ಕಾಗಿ ಕಾಯದಿರುವುದು. ಮುಂದಿನ ದಾರಿ ಗಣಕಕ್ಕೆ ಮೊದಲೇ ಗೊತ್ತು. ಬೇಕಾದ ವೇಗವನ್ನು ಮುಂಚಿತವಾಗಿಯೇ ಮೋಟಾರಿಗೆ ತಿಳಿಸಿದರೆ ಅಂತರವು ಬಹುಪಾಲು ಹುಟ್ಟುವುದೇ ಇಲ್ಲ. ಯೋರಾಮ್ ಕೋರೆನ್ ಅವರು 1980ರಲ್ಲಿ ಮತ್ತೊಂದು ಮಾರ್ಗ ತೋರಿದರು. ಪ್ರತಿ ಅಕ್ಷವೂ ತನ್ನ ತಪ್ಪನ್ನಷ್ಟೇ ತಿದ್ದಿಕೊಳ್ಳುವ ಬದಲು, ಕಟರು ದಾರಿಯಿಂದ ಎಷ್ಟು ಸರಿದಿದೆ ಎಂಬುದನ್ನು ಅಳೆದು ಎರಡು ಮೋಟಾರುಗಳನ್ನೂ ಒಟ್ಟಿಗೆ ತಿದ್ದಬೇಕು. ತಡವಾದರೂ ಚಿಂತೆಯಿಲ್ಲ, ದಾರಿ ತಪ್ಪಬಾರದು. ನನಗಂತೂ ಇದು ಬಹಳ ಸೊಗಸಾದ ವಿಚಾರವೆನಿಸುತ್ತದೆ.

ಇಷ್ಟಾದರೂ ವೃತ್ತದ ನಾಲ್ಕು ಬಿಂದುಗಳಲ್ಲಿ ಒಂದು ತೊಡಕು ಉಳಿಯುತ್ತದೆ. ಅಲ್ಲಿ ಒಂದು ಅಕ್ಷವು ಕ್ಷಣಕಾಲ ನಿಂತು ಹಿಂದಿರುಗಬೇಕು. ಘರ್ಷಣೆಯ ದಿಕ್ಕೂ ಆಗ ತಟ್ಟನೆ ಬದಲಾಗುತ್ತದೆ. ಮೇಜು ಅರೆಗಳಿಗೆ ಅಂಟಿಕೊಂಡಂತಾಗಿ ರಂಧ್ರದ ಗೋಡೆಯ ಮೇಲೆ ಕೆಲವೇ ಮೈಕ್ರಾನುಗಳ ಪುಟ್ಟ ಗುರುತು ಮೂಡುತ್ತದೆ. ಅದನ್ನು ಅಳಿಸಲು ಆ ಕ್ಷಣಕ್ಕೆ ಸರಿಯಾಗಿ ಮೋಟಾರಿಗೆ ಒಂದು ಸಣ್ಣ ತಳ್ಳು ಕೊಡುತ್ತಾರೆ. ತಳ್ಳು ಹೆಚ್ಚಾದರೆ ತಗ್ಗಿನ ಬದಲು ಅಲ್ಲಿ ಉಬ್ಬು ಮೂಡುತ್ತದೆ.